ಯೆಹೂದ್ಯರಲ್ಲಿ ಮೆಸ್ಸೀಯನ ನಂಬಿಕೆ ಶುರುವಾಗಿದ್ದು ಎಲ್ಲಿಂದ?

ಹಳೇಪುಟ ಕೇಳಿದ್ದು:

ಹೀಬ್ರೂ ಬೈಬಲನ್ನು ಮೊದಲಿಂದ ಓದುತ್ತಿದ್ದೇನೆ. ಸಮುವೇಲನ ಎರಡೂ ಪುಸ್ತಕ ಮುಗಿಯಿತು. ಕೊನೆಗಾಲದಲ್ಲಿ ಬಂದು ಎಲ್ಲವನ್ನೂ ಸರಿ ಮಾಡುವ ಮೆಸ್ಸೀಯನ ಸುಳಿವೇ ಸಿಗಲಿಲ್ಲ. ‘ಅಭಿಷಿಕ್ತ’ ಅಂತ ಬರುತ್ತದೆ (ಮೆಸ್ಸೀಯ ಅನ್ನೋ ಹೀಬ್ರೂ ಪದದ ಅರ್ಥವೇ ಅದು), ಆದರೆ ಅದು ಆಗ ಆಳುತ್ತಿದ್ದ ರಾಜನಿಗೆ ಹೇಳಿದ ಮಾತು. ರಾಜ ಸೌಲ ಕೊಲ್ಲೋಕೆ ಅಂತ ಅಟ್ಟಿಸಿಕೊಂಡು ಬಂದಾಗಲೂ, ಮುಂದೆ ರಾಜನಾಗಲಿದ್ದ ದಾವೀದ ಗವಿಯೊಳಗೆ ಅವನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿ, ದೇವರ ಅಭಿಷಿಕ್ತನ ಮೇಲೆ ಕೈ ಎತ್ತಲ್ಲ ಅಂತ ಬಿಟ್ಟುಬಿಡುತ್ತಾನೆ. ಹಾಗಾದರೆ ‘ಮುಂದೆ ಬರುವವನು’ ಅನ್ನೋ ನಂಬಿಕೆ ಹುಟ್ಟಿದ್ದು ಯಾವಾಗ? ಪರ್ಷಿಯದಿಂದ ಬಂದದ್ದು ಅಂತ ಕೆಲವರು, ನಮ್ಮ ಕಲ್ಕಿಯ ಥರ ಅಂತ ಇನ್ನು ಕೆಲವರು. ಓದಿಕೊಂಡವರು ಸ್ವಲ್ಪ ಬಿಡಿಸಿ ಹೇಳಿ.

ತುಂಗಾತೀರ:

ನೀವು ಗಮನಿಸಿದ್ದು ಸರಿ. ರಾಜನ ತಲೆಗೆ ಎಣ್ಣೆ ಸುರಿದು ಪಟ್ಟಕ್ಕೆ ಕೂರಿಸುತ್ತಿದ್ದರು, ಮಹಾಯಾಜಕನಿಗೂ (ಮುಖ್ಯ ಪೂಜಾರಿಗೆ) ಹಾಗೇ. ಅಭಿಷಿಕ್ತ ಅಂದರೆ ಅಷ್ಟೇ. ಯೆಶಾಯನ 45ನೇ ಅಧ್ಯಾಯದಲ್ಲಂತೂ ಪರ್ಷಿಯದ ರಾಜ ಕೋರೆಷನನ್ನೇ ಹಾಗೆ ಕರೆದಿದೆ, ಅವನು ಯೆಹೂದ್ಯನೂ ಅಲ್ಲ.

ಮೂಲ ಇರೋದು ನೀವು ಈಗಷ್ಟೇ ದಾಟಿ ಬಂದ 2 ಸಮುವೇಲ 7ರಲ್ಲಿ. ನಿನ್ನ ಸಿಂಹಾಸನ ಶಾಶ್ವತ ಅಂತ ಪ್ರವಾದಿ ನಾತಾನನ ಮೂಲಕ ದೇವರು ದಾವೀದನಿಗೆ ಮಾತು ಕೊಡುತ್ತಾನೆ. ಆ ವಂಶ ಯೆರೂಸಲೇಮಿನಲ್ಲಿ ಸುಮಾರು 400 ವರ್ಷ ಆಳಿತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನ ಸೈನ್ಯ ಊರನ್ನೂ ದೇವಾಲಯವನ್ನೂ ಸುಟ್ಟುಹಾಕಿತು. ಕೊನೆಯ ರಾಜ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದರು, ಆಮೇಲೆ ಅವನ ಕಣ್ಣು ಕಿತ್ತು, ಬೇಡಿ ಹಾಕಿ ಕರೆದುಕೊಂಡು ಹೋದರು. ಈಗ ಏನು ಮಾಡೋದು? ದೇವರು ಮಾತಿಗೆ ತಪ್ಪಿದ ಅನ್ನೋಕೆ ಬಾಯಿ ಬರಲ್ಲ. ಮಾತು ನಡೆದಿದೆ ಅನ್ನೋಕೂ ಆಗಲ್ಲ.

89ನೇ ಕೀರ್ತನೆಯನ್ನು ಒಮ್ಮೆ ಪೂರ್ತಿ ಓದಿ. 37ನೇ ವಚನದವರೆಗೂ ಆ ಮಾತಿನದ್ದೇ ಹೊಗಳಿಕೆ, ಸೂರ್ಯ ಚಂದ್ರ ಇರುವಷ್ಟು ಕಾಲ ದಾವೀದನ ಸಿಂಹಾಸನ ಇರುತ್ತೆ ಅಂತ. 38ರಲ್ಲಿ ಏಕಾಏಕಿ ತಿರುಗುತ್ತದೆ. ನಿನ್ನ ಅಭಿಷಿಕ್ತನನ್ನು ನೀನೇ ತಳ್ಳಿಬಿಟ್ಟೆ, ಅವನ ಕಿರೀಟವನ್ನು ಮಣ್ಣಿಗೆ ಹಾಕಿದೆ, ಎಲ್ಲಿ ಹೋಯಿತು ಆ ಹಳೇ ಪ್ರೀತಿ ಅಂತ ಕವಿ ದೇವರ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ನನ್ನ ಪ್ರಕಾರ ಮೆಸ್ಸೀಯನ ನಿರೀಕ್ಷೆ ಹುಟ್ಟಿದ್ದು ಈ ಜಗಳದಲ್ಲೇ. ಕೊಟ್ಟ ಮಾತು ಸುಳ್ಳಾಗಬಾರದು ಅಂದರೆ ಅದು ಮುಂದೆ ಎಂದಾದರೂ ನಡೆಯಲೇಬೇಕು ಅಲ್ವಾ.

ಕಲ್ಲುಬರಹ:

ಚೆನ್ನಾಗಿ ಹೇಳಿದಿರಿ. ಆದರೆ 586ರಿಂದ ನೇರವಾಗಿ ಕೊನೆಗಾಲಕ್ಕೆ ಹಾರೋಕಾಗಲ್ಲ, ಮಧ್ಯೆ ದಾವೀದನ ವಂಶದ ಜೆರುಬ್ಬಾಬೆಲ್ ಇದ್ದಾನೆ, ಅವನನ್ನು ಜನ ಸುಮ್ನೆ ದಾಟಿಕೊಂಡು ಹೋಗ್ತಾರೆ ಅನ್ನೋದೇ ನನ್ನ ಬೇಸರ.

ಚಿದ್ಕೀಯನಿಗಿಂತ ಮೊದಲೇ, 597ರಲ್ಲಿ, ರಾಜ ಯೆಹೋಯಾಖೀನನನ್ನು ಬಾಬಿಲೋನಿಗೆ ಸೆರೆ ಒಯ್ದಿದ್ದರು. ಅವನಿಗೂ ಅವನ ಐದು ಮಕ್ಕಳಿಗೂ ಅರಮನೆಯಿಂದ ಇಷ್ಟಿಷ್ಟು ಎಣ್ಣೆ ಅಳೆದು ಕೊಟ್ಟ ಲೆಕ್ಕ ಬರೆದ ಮಣ್ಣಿನ ಫಲಕಗಳು ಬಾಬಿಲೋನಿನ ಉತ್ಖನನದಲ್ಲೇ ಸಿಕ್ಕಿವೆ. ಅಂದರೆ ವಂಶ ಉಳಿದಿತ್ತು. ಇದೇ ರಾಜನ ಬಗ್ಗೆ ಪ್ರವಾದಿ ಯೆರೆಮೀಯ, ನೀನು ನನ್ನ ಬಲಗೈಯ ಮುದ್ರೆಯುಂಗುರವೇ ಆಗಿದ್ದರೂ ಕಿತ್ತೆಸೆಯುತ್ತಿದ್ದೆ ಅಂತ ದೇವರ ಮಾತು ಸಾರಿದ್ದ. ಜೆರುಬ್ಬಾಬೆಲ್ ಇವನ ಮೊಮ್ಮಗ. ಪರ್ಷಿಯದವರು ಅವನನ್ನು ಯೆಹೂದದ ಅಧಿಕಾರಿ ಮಾಡಿದರು. ಕ್ರಿ.ಪೂ. 520ರಲ್ಲಿ ಹಗ್ಗಾಯ ಪ್ರವಾದಿ ಅವನಿಗೆ ಹೇಳಿದ್ದೇನು ಗೊತ್ತಾ? ದೇವರು ರಾಜ್ಯಗಳ ಸಿಂಹಾಸನ ಉರುಳಿಸುತ್ತಾನೆ, ನಿನ್ನನ್ನು ಮುದ್ರೆಯುಂಗುರ ಮಾಡಿಕೊಳ್ಳುತ್ತಾನೆ ಅಂತ! ತಾತನ ಕಾಲದಲ್ಲಿ ಎಸೆದ ಉಂಗುರ ಮೊಮ್ಮಗನ ಹೆಸರಲ್ಲಿ ವಾಪಸ್ಸು ಬಂತು.

ಆಮೇಲೆ ಅವನು ಕಾಣೆ. 515ರಲ್ಲಿ ದೇವಾಲಯ ಮುಗಿದಾಗಿನ ವರ್ಣನೆ ಎಜ್ರನ ಪುಸ್ತಕದಲ್ಲಿದೆ, ಅಲ್ಲಿ ಅವನ ಹೆಸರಿಲ್ಲ. ಜೆಕರ್ಯನ 6ನೇ ಅಧ್ಯಾಯದಲ್ಲಿ ಬೆಳ್ಳಿ ಬಂಗಾರದ ಕಿರೀಟ ಮಾಡಿಸಿ ಮಹಾಯಾಜಕನ ತಲೆಗೆ ಇಡುತ್ತಾರೆ. ಹೀಬ್ರೂ ಮೂಲದಲ್ಲಿ ‘ಕಿರೀಟಗಳು’ ಅಂತಿದೆ. ಇನ್ನೊಂದು ಕಿರೀಟ ಜೆರುಬ್ಬಾಬೆಲನದ್ದೇ, ಆಮೇಲೆ ಹೆಸರು ತೆಗೆದಿದ್ದಾರೆ ಅಂತ ಎಷ್ಟೋ ವಿದ್ವಾಂಸರ ಅನುಮಾನ. ಕಣ್ಣೆದುರಿಗಿದ್ದ ದಾವೀದನ ಕುಡಿ ರಾಜನಾಗದೇ ಹೋದ ಮೇಲೆ ಆ ಆಸೆ ಮುಂದಿನ ಕಾಲಕ್ಕೆ ಹೋಯಿತು.

ಮಳೆಬಿಲ್ಲು:

ಪರ್ಷಿಯದ ಪ್ರಶ್ನೆಗೆ ನನ್ನದೊಂದು ಮಾತು. ಜರತುಷ್ಟ್ರನ ಧರ್ಮದಲ್ಲೂ ಕೊನೆಗೆ ಬರುವ ರಕ್ಷಕ ಸಯೋಶ್ಯಂತ್ ಇದ್ದಾನೆ, ಯೆಹೂದ್ಯರು ಸುಮಾರು 200 ವರ್ಷ ಪರ್ಷಿಯದ ಕೈಕೆಳಗಿದ್ದರು. ಸತ್ತವರು ಏಳೋದು, ಕೊನೇ ತೀರ್ಪು ಇಂಥವಕ್ಕೆ ಅಲ್ಲಿಯ ಪ್ರಭಾವ ಇರಬಹುದು. ಆದರೆ ದಾವೀದನ ವಂಶಕ್ಕೆ ಕೊಟ್ಟ ಮಾತಿಗೆ ಪರ್ಷಿಯ ಬೇಕಿಲ್ಲ. ಕಲ್ಕಿ ವಿಷ್ಣುವಿನ ಅವತಾರ. ದಾವೀದನ ಮಗ ಅಂತ ಕಾದದ್ದು ಮನುಷ್ಯನಿಗೆ.

ಇನ್ನೊಂದು ವಿಷಯ, ಎಲ್ಲರೂ ಒಬ್ಬನಿಗೇ ಕಾಯುತ್ತಿರಲಿಲ್ಲ. ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಯೆರೂಸಲೇಮಿಗೆ ನುಗ್ಗಿದ ಮೇಲೆ ಹುಟ್ಟಿದ ‘ಸೊಲೊಮೋನನ ಕೀರ್ತನೆಗಳು’ ಊರನ್ನು ಶುದ್ಧ ಮಾಡುವ ದಾವೀದನ ಮಗನನ್ನು ಕಳಿಸು ಅಂತ ಬೇಡುತ್ತವೆ. ಮೃತ ಸಮುದ್ರದ ದಡದ ಕುಮ್ರಾನ್‌ನಲ್ಲಿ ಸಿಕ್ಕ ಸುರುಳಿಗಳಲ್ಲಿ ಇಬ್ಬರು ಬರುತ್ತಾರೆ, ಮೊದಲ ಮಹಾಯಾಜಕ ಆರೋನನ ಕಡೆಯ ಯಾಜಕ ಒಬ್ಬ, ಇಸ್ರಾಯೇಲಿನ ರಾಜ ಒಬ್ಬ. ದಾನಿಯೇಲನ 7ರಲ್ಲಿ ಮೋಡದ ಮೇಲೆ ಬರುವ ‘ಮನುಷ್ಯಕುಮಾರನಂಥವನು’ ಇನ್ನೂ ಬೇರೆ ಥರ.

ಹಳೇಪುಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 89ನೇ ಕೀರ್ತನೆ ಈಗಷ್ಟೇ ಓದಿದೆ, ದೇವರಿಗೆ ಹೀಗೆ ನೇರಾನೇರ ಕೇಳಬಹುದು ಅಂತ ಗೊತ್ತಿರಲಿಲ್ಲ. ಒಂದೇ ಅನುಮಾನ. ರೋಮಿನವರು ಎರಡನೇ ದೇವಾಲಯವನ್ನೂ ಕೆಡವಿದ ಮೇಲೆ ಈ ಆಸೆ ಕಮ್ಮಿ ಆಯಿತಾ?

ಕಲ್ಲುಬರಹ:

ಇಲ್ಲ ಸರ್. ಕ್ರಿ.ಶ. 132ರಲ್ಲಿ ಬರ್ ಕೋಖ್ಬಾ ಅನ್ನೋ ಯೆಹೂದ್ಯ ನಾಯಕ ರೋಮಿನ ಮೇಲೆ ದಂಗೆ ಎದ್ದ. ಅವನ ಪತ್ರಗಳು ಮೃತ ಸಮುದ್ರದ ಹತ್ತಿರದ ಗವಿಗಳಲ್ಲಿ ಸಿಕ್ಕಿವೆ, ಯುದ್ಧದ ಮಧ್ಯೆಯೂ ಪರ್ಣಶಾಲೆ ಹಬ್ಬಕ್ಕೆ ಖರ್ಜೂರದ ಗರಿ, ಮಾದಲ ಹಣ್ಣು ಕಳಿಸಿ ಅಂತ ಬರೆದಿದ್ದಾನೆ. ಆ ಪತ್ರಗಳಲ್ಲಿ ತಾನು ಮೆಸ್ಸೀಯ ಅಂತ ಎಲ್ಲೂ ಹೇಳಿಕೊಂಡಿಲ್ಲ. ಹಾಗೆ ಕರೆದವರು ರಬ್ಬಿ (ಯೆಹೂದ್ಯ ಧರ್ಮಗುರು) ಅಕೀವ. ಅದಕ್ಕೆ ಇನ್ನೊಬ್ಬ ರಬ್ಬಿ ಯೋಹಾನಾನ್ ಬೆನ್ ತೋರ್ತಾ ಕೊಟ್ಟ ಉತ್ತರವನ್ನು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಯೆರೂಸಲೇಮಿನ ತಾಲ್ಮುದ್ ಉಳಿಸಿಕೊಂಡಿದೆ: ಅಕೀವ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ (ನೀನು ಸತ್ತು ಮಣ್ಣಾದರೂ) ದಾವೀದನ ಮಗ ಬಂದಿರಲ್ಲ ಅಂತ. 135ರಲ್ಲಿ ದಂಗೆ ಮುಗಿದುಹೋಯಿತು, ಸತ್ತವರು ಲೆಕ್ಕವಿಲ್ಲ. ಗಮನಿಸಿ, ಬೆನ್ ತೋರ್ತಾ ಕೂಡ ಬರೋದೇ ಇಲ್ಲ ಅಂತ ಹೇಳಲಿಲ್ಲ.

ಅರಸುಗಳ ಪುಸ್ತಕ ಮುಗಿದ ಮೇಲೆ ಹಗ್ಗಾಯ ಓದಿ, ಎರಡೇ ಅಧ್ಯಾಯ. ಹಿಂದೆಯೇ ಜೆಕರ್ಯ ಓದಿದರೆ ಕಿರೀಟದ ವಿಷಯ ನಿಮಗೇ ಕಾಣುತ್ತೆ.