ಅಜ್ಜಿ ಹೇಳಿದ ವರ್ಷ ತಪ್ಪಾದರೆ ಸಂದರ್ಶನವನ್ನೇ ಬಿಡಬೇಕೆ?

ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ:
ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟವರನ್ನು ಮಾತನಾಡಿಸುತ್ತಿದ್ದೇನೆ. ಎಂಬತ್ತೈದು ದಾಟಿದ ಅಜ್ಜಿಯೊಬ್ಬರು, ‘ಗಾಂಧಿ ಸತ್ತ ವರ್ಷ ನಮ್ಮ ಗದ್ದೆಗೆ ನೀರು ಬಂತು’ ಎನ್ನುತ್ತಾರೆ. ಗಾಂಧೀಜಿ ತೀರಿಕೊಂಡದ್ದು 1948ರಲ್ಲಿ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮೊದಲ ಸಲ, ಒರಳು, ಬಾಗಿಲು, ತುಳಸಿಕಟ್ಟೆಯ ಕಲ್ಲನ್ನು ಲಾರಿಗೆ ಹೇರಿದೆವು ಎಂದರು. ಎರಡನೆಯ ಭೇಟಿಯಲ್ಲಿ ಅದೇ ಲಾರಿ ಎತ್ತಿನ ಗಾಡಿಯಾಯಿತು! ಮಾರ್ಗದರ್ಶಕರು ‘ನಂಬುವಂತಿಲ್ಲ, ಕೈಬಿಡಿ’ ಎಂದಿದ್ದಾರೆ. ನಾಲ್ಕು ಗಂಟೆಯ ಧ್ವನಿಮುದ್ರಣವನ್ನು ಬಿಡಲು ಮನಸ್ಸಿಲ್ಲ.

ನಿವೃತ್ತ ಮೇಷ್ಟರು, ಸಾಗರ:
ತಂಗಿ, ಅಜ್ಜಿಗಿಂತ ಮೊದಲು ನಿಮ್ಮ ಇಸವಿಯನ್ನು ಅನುಮಾನಿಸಿ. ಲಿಂಗನಮಕ್ಕಿಗೂ ಮುಂಚೆ ಅದೇ ಹೊಳೆಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದು ಮುಗಿದದ್ದು 1948ರಲ್ಲೇ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಮಡೇನೂರಿನ ಬಳಿ ಆ ಹಳೆಯ ಕಟ್ಟೆ ಈಗಲೂ ತಲೆ ಎತ್ತುತ್ತದೆ. ‘ನಮ್ಮ ಗದ್ದೆ’ ಎಂದರೆ ತವರಿನದೋ, ಗಂಡನ ಮನೆಯದೋ ಎಂದು ಕೇಳಿದಿರಾ? ನಾನೂ ಹಿಂದೆ ಹೀಗೆ ಒಬ್ಬರ ಮಾತಿನ ನಡುವೆ ಇಸವಿ ತಿದ್ದಿದ್ದೆ. ಅವರು ‘ಹಾಗಾದರೆ ನೀವೇ ಹೇಳಿ’ ಎಂದು ಎಲೆಯಡಿಕೆ ತಟ್ಟೆ ಎಳೆದುಕೊಂಡರು. ಆಮೇಲೆ ಬಾಯಿ ಬಿಡಲಿಲ್ಲ.

ಇತಿಹಾಸ ಅಧ್ಯಾಪಕಿ, ಧಾರವಾಡ:
ಮೇಷ್ಟರ ಊಹೆ ಸುಳ್ಳಾಗಿ, ಅಜ್ಜಿಯ ವರ್ಷ ನಿಜವಾಗಿಯೂ ತಪ್ಪಿದ್ದರೂ ಬಿಡಬೇಡಿ. ಇಟಲಿಯ ತೆರ್ನಿಯಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಪೊಲೀಸರಿಂದ ಸತ್ತದ್ದು 1949ರ ಮಾರ್ಚ್‌ನಲ್ಲಿ, ನೇಟೋ ಎಂಬ ಸೇನಾ ಒಕ್ಕೂಟದ ವಿರುದ್ಧದ ಮೆರವಣಿಗೆಯಲ್ಲಿ. ಆದರೆ ಊರಿನ ಹಲವರು ಆ ಸಾವನ್ನು 1953ರಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡಾಗಿನ ಘರ್ಷಣೆಗೆ ಸೇರಿಸಿ ಹೇಳಿದರು. ಅವರನ್ನು ಸಂದರ್ಶಿಸಿದ ಮೌಖಿಕ ಇತಿಹಾಸಕಾರ ಅಲೆಸಾಂದ್ರೊ ಪೊರ್ತೆಲ್ಲಿ ಆ ಮಾತುಗಳನ್ನು ಕಸವೆಂದು ಎಸೆಯಲಿಲ್ಲ. ಉತ್ತರ ಕೊಡಲಾಗದೆ ಉಳಿದ ಸಾವನ್ನು ಜನ ತಾವು ಬೀದಿಗಿಳಿದು ಹೋರಾಡಿದ ದಿನಕ್ಕೆ ಏಕೆ ಒಯ್ದರು ಎಂದು ಕೇಳಿದರು. ಒಂದು ಎಚ್ಚರಿಕೆ: ಪರಿಹಾರದ ಮೊತ್ತ, ಎಕರೆಯ ಲೆಕ್ಕಗಳನ್ನು ಮಾತ್ರ ದಾಖಲೆಯೊಂದಿಗೆ ಹೋಲಿಸಿಯೇ ಬರೆಯಿರಿ.

ಸಂಶೋಧನಾ ವಿದ್ಯಾರ್ಥಿನಿ:
ನಿನ್ನೆ ಮತ್ತೆ ಹೋಗಿದ್ದೆ. ಗಾಡಿ ತವರಿನದು, ಆಗ ಅವರಿಗೆ ಹತ್ತು ವರ್ಷ. ಲಾರಿ ಗಂಡನ ಮನೆಯದು. ಎರಡು ಸಲ ಮುಳುಗಿದ್ದನ್ನು ಮೊದಲೇ ಏಕೆ ಹೇಳಲಿಲ್ಲ ಎಂದೆ. ‘ನೀನು ಒಂದೇ ಸಲ ಕೇಳಿದೆಯಲ್ಲ’ ಎಂದರು. ತುಳಸಿಕಟ್ಟೆಯ ಕಲ್ಲು ಮಾತ್ರ ಗಾಡಿಯಲ್ಲೂ ಬಂತಂತೆ, ಲಾರಿಯಲ್ಲೂ ಬಂತಂತೆ. ಅದನ್ನು ಹಾಗೆಯೇ ಬರೆದುಕೊಂಡಿದ್ದೇನೆ.