ತುಲೂಸ್ ಕಡೆ ಗಾಡಿ ಕಾಟ ಇಲ್ಲದ ಕಾಲುವೆ ದಾರಿ: ಸೈಕಲ್‌ನಲ್ಲಿ ಯಾವುದು ಹಿಡಿಯೋದು?

ಬೆಟ್ಟದಂಚು (ಶಿರಸಿ)

ಅಕ್ಕ ಫ್ರಾನ್ಸಿನ ತುಲೂಸ್‌ನಲ್ಲಿದ್ದಾಳೆ, ಸೆಪ್ಟೆಂಬರ್‌ನಲ್ಲಿ ಹೋಗುವುದು ಹೆಚ್ಚುಕಡಿಮೆ ಖಾತ್ರಿ. ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲು ವಾಪಸ್ ಬಂದರಾಯ್ತು. ಒಂದು ವಾರ ಪೂರ್ತಿ ಸೈಕಲ್‌ಗೆ ಅಂತ ಮನೆಯಲ್ಲಿ ಒಪ್ಪಿಸಿಯೂ ಆಗಿದೆ. ಕನಾಲ್ ದ್ಯು ಮಿದಿ ಅನ್ನೋ ಕಾಲುವೆ ಪಕ್ಕದ ದಾರಿ ಹಿಡಿದು ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿ.ಮೀ. ಹೋಗಬೇಕು ಅನ್ನೋದು ಆಸೆ. ಫೋಟೋದಲ್ಲಿ ನೋಡಿದರೆ ಎರಡೂ ಕಡೆ ಮರ, ನಡುವೆ ನೀರು, ಒಂದು ಗಾಡಿ ಇಲ್ಲ. ಇಲ್ಲಿ ನಾನು ಹುಲೇಕಲ್, ಸೋಂದಾ ಕಡೆಯ ಒಳದಾರಿಗಳಲ್ಲಿ, ಸೊಪ್ಪಿನ ಬೆಟ್ಟದ ಕೆಮ್ಮಣ್ಣು ದಾರಿಗಳಲ್ಲಿ ಓಡಿಸುವವನು. ಕುಮಟಾ ರಸ್ತೆಗೆ ಇಳಿಯುವುದನ್ನೇ ಬಿಟ್ಟಿದ್ದೇನೆ, ಹಿಂದಿನಿಂದ ಟಿಪ್ಪರ್ ಹಾರ್ನ್ ಹೊಡೆದರೆ ಚರಂಡಿಯೇ ಗತಿ.

ಆ ದಾರಿ ನಿಜಕ್ಕೂ ಗಾಡಿ ಇಲ್ಲದ್ದಾ ಅಥವಾ ಫೋಟೋಗೆ ಮಾತ್ರವಾ? 32 ಎಂಎಂ ಟೈರ್ ಸಾಕಾ? ಇಡೀ ಕಾಲುವೆ ಮುಗಿಸೋದು ಒಳ್ಳೆಯದಾ, ಬೇರೆ ಏನಾದರೂ ಇದೆಯಾ? ಮತ್ತೆ ನಾವು ಮೊಟ್ಟೆಯೂ ತಿನ್ನದವರು, ಹಳ್ಳಿಗಳಲ್ಲಿ ಹೊಟ್ಟೆಪಾಡು ಹೇಗೆ?

ಗರೋನ್ ತೀರ (ಮೂಲ ಯಲ್ಲಾಪುರ, ಈಗ ತುಲೂಸ್)

ಗಾಡಿ ಇಲ್ಲ ಅನ್ನೋದು ಬಹುಪಾಲು ನಿಜ. ಅದು ಗಾಡಿಗೆ ಅಂತ ಮಾಡಿದ ರಸ್ತೆಯೇ ಅಲ್ಲ, ಕುದುರೆಗಳು ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ ದಾರಿ. ಹಾಗಾಗಿ ಕಾಲುವೆಯ ಜೊತೆಗೇ ಸಪಾಟಾಗಿ ಹೋಗುತ್ತೆ, ಏರು ಸಿಗೋದು ಲಾಕ್‌ಗಳ ಹತ್ತಿರ ಮಾತ್ರ. ಲಾಕ್ ಅಂದರೆ ಎರಡು ಗೇಟ್ ನಡುವೆ ನೀರು ತುಂಬಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೆ ಎತ್ತುವ ತೊಟ್ಟಿ. ನೀವು ದೇವಿಮನೆ ಘಟ್ಟ ಹತ್ತಿದವರಾದರೆ ಅದನ್ನು ಏರು ಅಂತ ಕರೆಯುವುದೂ ಇಲ್ಲ.

ಆದರೆ ಇಡೀ 240 ಕಿ.ಮೀ. ಮಾಡಿ ಅಂತ ನಾನು ಹೇಳಲ್ಲ. ತುಲೂಸ್‌ನಿಂದ ಮೊದಲ ಸುಮಾರು 50 ಕಿ.ಮೀ. ನುಣುಪಾದ ಡಾಂಬರು. ಭಾನುವಾರವಾದರೆ ಅರ್ಧ ತುಲೂಸ್ ಅಲ್ಲೇ ಇರುತ್ತೆ, ಮಕ್ಕಳು, ನಾಯಿ, ಸ್ಕೇಟಿಂಗ್ ಎಲ್ಲಾ. ಔದ್ ಜಿಲ್ಲೆಯೊಳಗೆ ಹೋದ ಮೇಲೆ ಮಣ್ಣು, ಜಲ್ಲಿ. ಕೆಲವು ಕಡೆ ಚೆನ್ನಾಗಿ ಹದ ಮಾಡಿದ್ದಾರೆ, ಕೆಲವು ಕಡೆ ಮರದ ಬೇರು ಮೇಲೆದ್ದು ಕೈ ಭುಜ ಎಲ್ಲಾ ನೋಯುತ್ತೆ. ಫೋಟೋದ ಮರಗಳ ಕಥೆ ಬೇಜಾರಿನದು. ಅವು ಪ್ಲೇನ್ ಮರಗಳು, ಒಟ್ಟು 42,000ದಷ್ಟಿದ್ದವು. ಒಂದು ಶಿಲೀಂಧ್ರ ರೋಗ 2006ರಲ್ಲಿ ಕಾಲುವೆ ಬದಿಯಲ್ಲಿ ಕಾಣಿಸಿಕೊಂಡಿತು, ಅದಕ್ಕೆ ಔಷಧಿ ಇಲ್ಲ, ಕಡಿದು ಸುಡುವುದೊಂದೇ ದಾರಿ. ಸಾವಿರಾರು ಮರ ಹೋಗಿವೆ. ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ನೆರಳು ಕೊಡಲು ಇನ್ನೂ ಕಾಲ ಬೇಕು. ಹಾಗಾಗಿ ಕೆಲವು ಕಡೆ ಬಿಸಿಲಿಗೆ ತಲೆ ಕೊಟ್ಟೇ ಹೋಗಬೇಕು.

ನನ್ನನ್ನು ಕೇಳಿದರೆ ನೊರೂಜ್‌ವರೆಗೆ ಕಾಲುವೆಯಲ್ಲಿ ಹೋಗಿ ಅಲ್ಲಿಂದ ರಿಗೋಲ್ ಅನ್ನೋ ಸಣ್ಣ ಕಾಲುವೆ ಹಿಡಿಯಿರಿ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ಕಾಲುವೆ ಕಟ್ಟಿಸಿದ ಪಿಯರ್ ಪಾಲ್ ರಿಕೆಗೆ ಅಗೆಯೋದು ದೊಡ್ಡ ಸಮಸ್ಯೆಯಾಗಿರಲಿಲ್ಲ. ನೊರೂಜ್ ಅಂದರೆ ನೀರು ಎರಡೂ ಕಡೆ ಹರಿದು ಹೋಗುವ ಏಣು, ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮೆಡಿಟರೇನಿಯನ್. ಅಂಥ ನೆತ್ತಿಗೆ ಬೇಸಿಗೆಯಲ್ಲೂ ನೀರು ತರೋದು ಹೇಗೆ? ನಮ್ಮಲ್ಲಿ ಬೆಟ್ಟದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ತೋಟಕ್ಕೆ ತಿರುಗಿಸುತ್ತೇವಲ್ಲ, ಅವನು ಮಾಡಿದ್ದೂ ಅದೇ. ಕಪ್ಪು ಬೆಟ್ಟ ಅನ್ನೋ ಮಲೆಯ ಹೊಳೆಗಳನ್ನು ಸಣ್ಣ ಕಾಲುವೆಗಳಲ್ಲಿ ಸುತ್ತಿಸಿ ತಂದ, ಸಾಂ ಫೆರಿಯೋಲ್‌ನಲ್ಲಿ ಮಣ್ಣಿನ ಅಣೆಕಟ್ಟು ಕಟ್ಟಿ ನೀರು ಕೂಡಿಟ್ಟ. 1666ರಲ್ಲಿ ಅಪ್ಪಣೆ ಸಿಕ್ಕಿತು, 1681ರಲ್ಲಿ ಕಾಲುವೆ ತೆರೆಯಿತು, ಅವನು 1680ರಲ್ಲೇ ತೀರಿಕೊಂಡಿದ್ದ. ಆ ಸಣ್ಣ ಕಾಲುವೆಯೇ ರಿಗೋಲ್. ಅದರ ಪಕ್ಕದ ದಾರಿ ನೊರೂಜ್‌ನಿಂದ ರೆವೆಲ್ ಊರಿನ ಕಡೆಗೆ ಸುಮಾರು 40 ಕಿ.ಮೀ., ನೆರಳು, ಮಣ್ಣು, ತಿರುವು ಮೇಲೆ ತಿರುವು. ದೋಣಿ ಬರಲ್ಲ, ಜನವೂ ಕಡಿಮೆ. ಶನಿವಾರ ಬೆಳಗ್ಗೆ ರೆವೆಲ್ ಮುಟ್ಟಿದರೆ ಹಳೇ ಮರದ ಮಾಡಿನ ಕೆಳಗೆ ಸಂತೆ ಇರುತ್ತೆ.

ಕುಮಟಾ ಎರಡುಗಾಲಿ

ಗರೋನ್ ತೀರದವರು ಹೇಳಿದ್ದು ಸರಿ, ಆದರೆ ಒಂದು ವಾರ ಇದ್ದರೆ ನಾನು ತುಲೂಸ್ ಬಿಟ್ಟೇ ಹೋಗುತ್ತಿದ್ದೆ. ವಾಯವ್ಯ ಫ್ರಾನ್ಸಿನ ಬ್ರಿಟನಿಯ ನಾಂತ್–ಬ್ರೆಸ್ತ್ ಕಾಲುವೆ ನೋಡಿ. 364 ಕಿ.ಮೀ., 230ಕ್ಕೂ ಹೆಚ್ಚು ಲಾಕ್, ದಾರಿ ಬಹುತೇಕ ಹದವಾಗಿ ಕೂತ ಮಣ್ಣು ಮತ್ತು ಸಣ್ಣ ಜಲ್ಲಿ. ಜಲ್ಲಿ ದಾರಿಗೆ ಅಂತಲೇ ಮಾಡಿದ ಗ್ರಾವೆಲ್ ಸೈಕಲ್ ಇಟ್ಟುಕೊಂಡು ಡಾಂಬರಿನ ಮೇಲೆ ಓಡಿಸೋದು ಯಾಕೆ ಅಲ್ವಾ? ನೆಪೋಲಿಯನ್ ಕಾಲದಲ್ಲಿ ಇಂಗ್ಲಿಷ್ ಹಡಗುಗಳು ಕರಾವಳಿ ಮುತ್ತಿದಾಗ ಬ್ರೆಸ್ತ್ ಬಂದರಿಗೆ ಒಳನಾಡಿನಿಂದಲೇ ಸಾಮಾನು ಹೋಗಲಿ ಅಂತ ಶುರು ಮಾಡಿದ್ದು. ಮುಗಿಯುವ ಹೊತ್ತಿಗೆ 1842, ಯುದ್ಧವೂ ಇಲ್ಲ ನೆಪೋಲಿಯನ್ನೂ ಇಲ್ಲ. ಆಮೇಲೆ ಗೆರ್ಲೆದಾಂ ಅಣೆಕಟ್ಟು ಕಟ್ಟಿದಾಗ ಕಾಲುವೆ ನಡುವೆಯೇ ತುಂಡಾಯಿತು, ಅಲ್ಲಿ ಹಳೇ ರೈಲು ದಾರಿಯನ್ನು ಸೈಕಲ್ ದಾರಿ ಮಾಡಿದ್ದಾರೆ, ಅದರಲ್ಲಿ ಹೋಗಬೇಕು. ಜೋಸ್ಲಾಂ ಊರಲ್ಲಿ ಕೋಟೆಯ ಗೋಡೆ ನೇರ ನೀರಿನ ಅಂಚಿಗೇ ಇಳಿದಿದೆ. ಅಲ್ಲಿ ಮಳೆ ಮಳೆ ಅಂತ ಹೆದರಿಸುತ್ತಾರೆ, ಶಿರಸಿಯ ಆಷಾಢ ಕಂಡವರಿಗೆ ಅದು ಸೋನೆ ಅಷ್ಟೇ, ಉಂಬಳವೂ ಇಲ್ಲ.

ಟೈರ್ ವಿಷಯ: 32 ಬೇಡ. 40 ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ, ಟ್ಯೂಬ್‌ಲೆಸ್ ಆದರೆ ಇನ್ನೂ ಒಳ್ಳೆಯದು. ಬೇರು, ಕಲ್ಲು ಇರುವ ಕಡೆ ಸಪೂರ ಟೈರಿನಲ್ಲಿ ಹೋದರೆ ದಾರಿ ನೋಡೋದರಲ್ಲೇ ದಿನ ಕಳೆಯುತ್ತೆ, ಊರು ನೋಡೋಕೆ ಆಗಲ್ಲ.

ಸದಾಶಿವಗಡ ನೋಟ (ಕಾರವಾರ)

ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ. ಎಲ್ಲರೂ ಕಾಲುವೆ ಕಾಲುವೆ ಅಂತೀರಿ, ಮೂರನೇ ದಿನಕ್ಕೆ ಬೇಜಾರು ಬರುತ್ತೆ. ಸಪಾಟು ದಾರಿಯಲ್ಲಿ ಪೆಡಲ್ ನಿಲ್ಲಿಸೋ ಹಾಗೇ ಇಲ್ಲ, ಇಳಿಜಾರು ಅನ್ನೋದೇ ಇಲ್ಲವಲ್ಲ. ಎದುರು ಗಾಳಿ ಸಿಕ್ಕಿದರಂತೂ ಸಂಜೆವರೆಗೆ ಅದೇ. ತುಲೂಸ್ ಕಡೆ ಓತಾಂ ಅಂತ ಆಗ್ನೇಯದಿಂದ ಬೀಸುವ ಗಾಳಿ ಇದೆ, ಸಮುದ್ರದ ಕಡೆ ಹೋಗುವವರಿಗೆ ಅದು ನೇರ ಮುಖಕ್ಕೆ. ಸೆರ್ಸ್ ಅನ್ನೋ ವಾಯವ್ಯದ ಗಾಳಿ ಇದ್ದರೆ ಬೆನ್ನಿಗೆ, ಅವತ್ತು ನೀವೇ ರಾಜ. ಹೊರಡುವ ಹಿಂದಿನ ದಿನ ಗಾಳಿ ನೋಡಿ ದಿಕ್ಕು ತೀರ್ಮಾನ ಮಾಡಿ.

ಕಾಲುವೆಯಿಂದ ಆಗಾಗ ಹೊರಗೆ ಬನ್ನಿ. ಫ್ರಾನ್ಸಿನಲ್ಲಿ ನಿಜವಾಗಿ ಖುಷಿ ಕೊಡೋದು ಹೊಲಗಳ ನಡುವಿನ ಸಣ್ಣ ದಾರಿಗಳು, ಭೂಪಟದಲ್ಲಿ ಬಿಳಿ ಗೆರೆಯಲ್ಲಿ ತೋರಿಸುವಂಥವು. ಗಂಟೆಗೊಂದು ಟ್ರ್ಯಾಕ್ಟರ್ ಸಿಕ್ಕಿದರೆ ಹೆಚ್ಚು. ಆದರೆ ಸೆಪ್ಟೆಂಬರ್‌ನಿಂದ ಬೇಟೆ ಸೀಸನ್ ಶುರುವಾಗುತ್ತೆ. ಭಾನುವಾರ ಕಾಡಿನ ದಾರಿ ಹಿಡಿಯುವುದಾದರೆ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿ, ಬೇಟೆ ನಡೀತಿದೆ ಅಂತ ಬೋರ್ಡ್ ಕಂಡರೆ ಸುಮ್ನೆ ವಾಪಸ್ ತಿರುಗಿ.

ನಮ್ಮ ಹತ್ತಿರ ಇಂಥದ್ದು ಯಾಕಿಲ್ಲ ಅಂತ ಯಾರಾದರೂ ಕೇಳೋ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಹೊಳೆಗಳು ಘಟ್ಟದಿಂದ ಧುಮುಕಿ ಬರುವಂಥವು, ಪಕ್ಕದಲ್ಲಿ ಕುದುರೆ ನಡೆಸೋ ಪ್ರಶ್ನೆಯೇ ಇಲ್ಲ. ಸಪಾಟು ಇರುವ ಕರಾವಳಿಯಲ್ಲಿ ಹೆದ್ದಾರಿ 66 ಹಾದುಹೋಯಿತು. ಉಳಿದಿದ್ದು ಉಪ್ಪುನೀರು ತಡೆಯೋ ಗಜನಿ ಗದ್ದೆಯ ಕಟ್ಟೆಗಳು.

ಕುಮಟಾ ಎರಡುಗಾಲಿ

ಗಜನಿ ಕಟ್ಟೆ ಚೆನ್ನಾಗಿಯೇ ಇದೆಯಲ್ಲ! ತದಡಿಯಲ್ಲಿ ಸೈಕಲ್ ಬಾರ್ಜಿಗೆ ಹತ್ತಿಸಿ ಅಘನಾಶಿನಿ ಕಡೆ ಇಳಿದು ಮಾಣಿಕಟ್ಟಾ ಹತ್ತಿರ ಒಂದು ಸುತ್ತು ಹಾಕಿ, ಕಗ್ಗ ಭತ್ತದ ಗದ್ದೆ ಒಂದು ಕಡೆ, ಉಪ್ಪುನೀರು ಇನ್ನೊಂದು ಕಡೆ. ಆದರೆ ಅದು ನೀರು ತಡೆಯೋಕೆ ಕಟ್ಟಿದ್ದು, ಮಳೆಗಾಲದಲ್ಲಿ ಮಣ್ಣು ಸಡಿಲ ಇರುವಾಗ ಸೈಕಲ್ ಓಡಿಸಿ ಅಂಚು ಕುಸಿಯುವ ಹಾಗೆ ಮಾಡಬೇಡಿ. ಗದ್ದೆಯವರು ಬೈದರೆ ತಪ್ಪಿಲ್ಲ. ಪ್ರಾಕ್ಟೀಸ್‌ಗೆ ಶಿರಸಿಯವರಿಗೆ ಬನವಾಸಿ ಕಡೆಯೇ ವಾಸಿ. ವರದಾ ನದಿ ಬಯಲು, ಏರು ಕಡಿಮೆ, ನಿಲ್ಲಿಸದೆ ತುಳಿಯುವುದು ರೂಢಿಯಾಗುತ್ತೆ.

ಗರೋನ್ ತೀರ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಬೇಕರಿ ಪ್ರತಿ ಹಳ್ಳಿಯಲ್ಲೂ ಇರಲ್ಲ, ಇದ್ದರೂ ಮಧ್ಯಾಹ್ನ ಹನ್ನೆರಡೂವರೆ ಒಂದಕ್ಕೆ ಬಾಗಿಲು ಹಾಕಿದರೆ ಮೂರು ನಾಲ್ಕರವರೆಗೆ ತೆರೆಯಲ್ಲ. ಬೆಳಗ್ಗೆಯೇ ಬ್ರೆಡ್, ಟೊಮ್ಯಾಟೊ, ಹಣ್ಣು ಚೀಲಕ್ಕೆ ಹಾಕಿಕೊಳ್ಳಿ. ಬ್ರಿಟನಿಗೆ ಹೋದರೆ ಬಕ್‌ವೀಟ್ ಅನ್ನೋ ಧಾನ್ಯದ ತೆಳು ದೋಸೆ ಸಿಗುತ್ತೆ, ಮೊಟ್ಟೆ ಹ್ಯಾಮ್ ಬೇಡ ಅಂತ ಮೊದಲೇ ಹೇಳಬೇಕು, ಹಿಟ್ಟಿಗೇ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಬೇಕು. ಚೀಸ್ ತಿನ್ನುವವರಾದರೆ ಒಂದು ಮಾತು: ಅಲ್ಲಿನ ಬಹಳಷ್ಟು ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮ್ಮ ಮನೆಯವರಿಗೆ ಅದು ನಡೆಯುತ್ತಾ ನೋಡಿ. ಅಪ್ಪೆಮಿಡಿ ಉಪ್ಪಿನಕಾಯಿ ಗಟ್ಟಿ ಪ್ಯಾಕ್ ಮಾಡಿ ತನ್ನಿ, ಆದರೆ ಮನೆ ತುಪ್ಪ ತರಬೇಡಿ. ಹಾಲು, ಮಾಂಸದ ಪದಾರ್ಥವನ್ನು ಯುರೋಪ್ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ, ಅಕ್ಕನಿಗೆ ಅಂತ ಎಷ್ಟು ಹೇಳಿದರೂ ಕಸ್ಟಮ್ಸ್‌ನವರು ಕಸಕ್ಕೆ ಹಾಕುತ್ತಾರೆ.

ನೀರಿಗೆ ಸ್ಮಶಾನ ನೋಡಿ. ತಮಾಷೆ ಅಲ್ಲ. ಹೂಕುಂಡಗಳಿಗೆ ನೀರು ಹಾಕಲು ಹಳ್ಳಿ ಸ್ಮಶಾನಗಳಲ್ಲಿ ನಲ್ಲಿ ಇರುತ್ತೆ, ಸೈಕಲ್‌ನವರೆಲ್ಲಾ ಅಲ್ಲೇ ಬಾಟಲಿ ತುಂಬಿಸೋದು. ಕುಡಿಯಲು ಯೋಗ್ಯವಲ್ಲ ಅಂತ ಬೋರ್ಡ್ ಇದ್ದರೆ ಮಾತ್ರ ಬಿಡಿ. ಮತ್ತೆ, ಇಯರ್‌ಫೋನ್ ಹಾಕಿ ತಾಳಮದ್ದಲೆ ಕೇಳುತ್ತಾ ಓಡಿಸೋ ಅಭ್ಯಾಸ ಇದ್ದರೆ ಇಲ್ಲಿ ನಡೆಯಲ್ಲ, 2015ರಿಂದ ನಿಷೇಧ, ದಂಡ ಬೀಳುತ್ತೆ.

ಬೆಟ್ಟದಂಚು

ಇಷ್ಟೆಲ್ಲಾ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಬ್ರಿಟನಿ ಆಸೆ ಹುಟ್ಟಿಸಿತು, ಆದರೆ ಅಕ್ಕನ ಮನೆಯಿಂದ ದೂರ, ರೈಲಿಗೇ ಸಮಯ ಹೋಗುತ್ತೆ. ಸದ್ಯಕ್ಕೆ ಯೋಚನೆ ಹೀಗಿದೆ: ಮೊದಲು ನೊರೂಜ್, ರಿಗೋಲ್, ಸಾಂ ಫೆರಿಯೋಲ್ ನೋಡಿ ತುಲೂಸ್‌ಗೆ ವಾಪಸ್. ಆಮೇಲೆ ಪಶ್ಚಿಮಕ್ಕೆ, ಗರೋನ್ ಕಾಲುವೆ ಹಿಡಿದು ಬೋರ್ಡೋ ಕಡೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯೋ ಮೈಲುತುತ್ತ ಸುಣ್ಣದ ದ್ರಾವಣ 1880ರ ದಶಕದಲ್ಲಿ ಹುಟ್ಟಿದ್ದು ಅಲ್ಲಿನ ದ್ರಾಕ್ಷಿ ತೋಟದಲ್ಲಿ ತಾನೆ, ವರ್ಷವರ್ಷ ಮೈಕೈ ನೀಲಿ ಮಾಡಿಕೊಂಡವನಿಗೆ ಒಮ್ಮೆ ಆ ತೋಟ ನೋಡಬೇಕು. ಸೈಕಲ್ ಇಲ್ಲಿಂದ ಹೊತ್ತು ತರೋದಾ, ಅಲ್ಲೇ ಬಾಡಿಗೆಗಾ?

ಗರೋನ್ ತೀರ

ಬಾಡಿಗೆಗೆ. ಒಂದು ವಾರಕ್ಕೆ ಪೆಟ್ಟಿಗೆ ಕಟ್ಟಿ ವಿಮಾನಕ್ಕೆ ಹಾಕೋದು ದಂಡ. ನಿಮ್ಮ ಸೀಟು, ಪೆಡಲ್ ಮಾತ್ರ ತನ್ನಿ. ಗರೋನ್ ಕಾಲುವೆ 193 ಕಿ.ಮೀ., ಹೆಚ್ಚಿನದು ಡಾಂಬರು, ಮೊವಾಸಾಕ್‌ನಲ್ಲಿ ಹಳೇ ಮಠ, ಅಜಾಂನಲ್ಲಿ ನದಿಯ ಮೇಲೆ ಸೇತುವೆ ಕಟ್ಟಿ ಕಾಲುವೆಯನ್ನೇ ದಾಟಿಸಿದ್ದಾರೆ. ಕಾಲುವೆ ಮುಗಿದ ಮೇಲೆ ಸ್ವಲ್ಪ ಹಳ್ಳಿ ರಸ್ತೆಯಲ್ಲಿ ಹೋಗಿ ಸೋವ್ತೇರ್ ಊರಿನಿಂದ ಹಳೇ ರೈಲು ದಾರಿ ಹಿಡಿದರೆ ಬೋರ್ಡೋ. ಆ ದಾರಿಗೆ ರೋಜೆ ಲಾಪೆಬಿ ಹೆಸರಿಟ್ಟಿದ್ದಾರೆ, 1937ರಲ್ಲಿ ತೂರ್ ದ ಫ್ರಾನ್ಸ್ ಗೆದ್ದವನು, ಗೇರ್ ಬದಲಿಸುವ ಡಿರೇಲರ್ ಹಾಕಿಕೊಂಡು ಗೆದ್ದವರಲ್ಲಿ ಮೊದಲಿಗ. ವಾಪಸ್ ಬರಲು ಪ್ರಾದೇಶಿಕ ರೈಲು ನೋಡಿ, ಸೈಕಲ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ವೇಗದ ರೈಲಾದರೆ ಸೈಕಲ್‌ಗೂ ಮೊದಲೇ ಸೀಟು ಹಿಡಿಯಬೇಕು. ಸೋಮವಾರ ಮಾತ್ರ ಹೊರಡಬೇಡಿ, ಹಳ್ಳಿ ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿರುತ್ತವೆ, ಮಂಗಳವಾರ ಬೆಳಗ್ಗೆ ಹೊರಡಿ.