ಸಹಾಯ ಬೇಕು: ಸಿಎನ್‌ಸಿ ರೌಟರ್ ಪಕ್ಕ ಯಾವ ಫೈರ್ ಸಿಲಿಂಡರ್ ಇಡೋದು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಮರಗೆಲಸದ ವರ್ಕ್‌ಶಾಪ್. ಸಿಎನ್‌ಸಿ ರೌಟರ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಿಷಿನ್) ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಜಾಲರಿ ಡಿಸೈನ್ ಕಟಿಂಗೇ ಜಾಸ್ತಿ.

ಮೊನ್ನೆ ಕೆಲಸದ ನಡುವೆ ಸುಟ್ಟ ವಾಸನೆ ಬಂತು. ಎಮರ್ಜೆನ್ಸಿ ಸ್ವಿಚ್ ಒತ್ತಿದೆವು, ಕತ್ತರಿಸುವ ಬಿಟ್ ತಿರುಗಿಸುವ ಸ್ಪಿಂಡಲ್ ನಿಂತಿತು. ಆದರೆ ಹುಡಿ ಎಳೆದು ಬ್ಯಾಗಿಗೆ ತುಂಬುವ ಡಸ್ಟ್ ಕಲೆಕ್ಟರ್ ಬೇರೆ ಕರೆಂಟ್ ಲೈನಿನದ್ದು, ಅದು ಓಡುತ್ತಲೇ ಇತ್ತು ಮಾರಾಯ್ರೆ! ಬ್ಯಾಗ್ ಅಂಗಳಕ್ಕೆ ಎಳೆದು ನೋಡಿದರೆ ಮರದ ಹುಡಿಯೊಳಗೆ ಕೆಂಡ, ಬೀಡಿ ತುದಿಯಷ್ಟು. ನೀರು ಸುರಿದು ಆರಿಸಿದೆವು.

ಮೊಂಡು ಬಿಟ್ ಬದಲಿಸಿದ್ದೇವೆ. ಆರ್‌ಪಿಎಂ (ಬಿಟ್ ತಿರುಗುವ ವೇಗ) ಇಳಿಸಿ ಫೀಡ್ (ಬಿಟ್ ಮುಂದೆ ಸಾಗುವ ವೇಗ) ಏರಿಸಿದ್ದೇವೆ. ಫೀಡ್ ತೀರಾ ನಿಧಾನವಾದರೆ ಬಿಟ್ ಕತ್ತರಿಸದೆ ಸುಮ್ನೆ ಉಜ್ಜಿ ಬಿಸಿಯಾಗುತ್ತದೆ, ಅಲ್ವಾ? ಡಸ್ಟ್ ಕಲೆಕ್ಟರನ್ನೂ ಅದೇ ಎಮರ್ಜೆನ್ಸಿ ಸ್ವಿಚ್‌ಗೆ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿಯಾಗಿದೆ.

ತಲೆ ಕೆಟ್ಟಿರುವುದು ಸಿಲಿಂಡರ್ ವಿಷಯದಲ್ಲಿ. ಎಬಿಸಿ ಪೌಡರ್ (ಒಣ ಪುಡಿ ತುಂಬಿದ ಸಿಲಿಂಡರ್) ಮರದ ಬೆಂಕಿಗೆ ಆಗುತ್ತದೆ. ಆದರೆ ಆ ಪುಡಿ ಮಿಷಿನನ್ನು ಅತ್ತಿತ್ತ ಸರಿಸುವ ರೈಲ್, ಬಾಲ್ ಸ್ಕ್ರೂ ಮೇಲೆ ಕೂತರೆ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಗ್ಯಾರಂಟಿ. ಕಾರ್ಬನ್ ಡೈಆಕ್ಸೈಡ್ ಕಂಟ್ರೋಲ್ ಪ್ಯಾನೆಲ್‌ಗೆ ಒಳ್ಳೆಯದು, ಹುಡಿಯ ಒಳಗಿನ ಕೆಂಡಕ್ಕೆ ಸಾಲದು. ಜೊತೆಗೆ ಅದರ ರಭಸಕ್ಕೆ ಹುಡಿ ಹಾರುತ್ತದೆ. ಅಂಗಡಿಯವರು ಎರಡನ್ನೂ ತಗೊಳ್ಳಿ ಅನ್ನುತ್ತಾರೆ, ಅವರಿಗೇನು!

ಎಂಡಿಎಫ್ ಕಟಿಂಗ್ ಮಾಡುವವರು ಮಿಷಿನ್ ಪಕ್ಕ ಯಾವುದನ್ನು ಇಟ್ಟಿದ್ದೀರಿ? ಎರಡೂ ಇದ್ದರೆ, ಬೆಡ್ (ಹಲಗೆ ಇಟ್ಟು ಕತ್ತರಿಸುವ ಮೇಜು) ಮೇಲೆ ಹೊಗೆ ಕಂಡಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು?